ಗೋಪುರ ನಾಲ್ಕು, ಬಾತ್‌ರೂಮ್ ಒಂದು

ಬೆಂಗಳೂರಿನಲ್ಲಿ ಹಳೇ ಮನೆ ರಿಪೇರಿಗೆ ಕೈ ಹಾಕುವವರು ಮೊದಲೇ ತಿಳಿದುಕೊಂಡಿರಬೇಕಾದ ವಿಷಯ ಒಂದಿದೆ. ಧೂಳಿಗೆ ಗೋಡೆ, ಬಾಗಿಲು ಅಂತೆಲ್ಲ ಇರುವುದಿಲ್ಲ. ಬಾತ್‌ರೂಮಿನ ಟೈಲ್ಸ್ ಒಡೆದರೆ ಅಡುಗೆಮನೆಯ ಸಾರಿನಲ್ಲಿ ಸಿಮೆಂಟು ಸಿಗುತ್ತದೆ. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಸಂದಿಗೆ ಹಳೇ ಪಂಚೆ ತುರುಕಿ, ಫ್ಯಾನ್ ಆರಿಸಿ ಕೂತರೂ ಅಷ್ಟೇ, ಸಂಜೆ ಹೊತ್ತಿಗೆ ದೇವರ ಫೋಟೋದಿಂದ ಹಿಡಿದು ಲ್ಯಾಪ್‌ಟಾಪಿನ ತನಕ ಎಲ್ಲದಕ್ಕೂ ಒಂದೇ ಬಣ್ಣ ಬಂದಿರುತ್ತದೆ.

ನಾವು ಬೆಂಗಳೂರು ನೋಡಿದ್ದು ಈ ಧೂಳಿನ ದೆಸೆಯಿಂದ. ಬಿ.ಇ. ಮುಗಿಸಿ ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಔಟರ್ ರಿಂಗ್ ರೋಡಿನ ಯಾವ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಟಿಪ್ಪುವಿನ ಅರಮನೆ ಒಳಗೆ ಕಾಲಿಟ್ಟಿರಲಿಲ್ಲ. ನೀವು ಇಟ್ಟಿದ್ದೀರಾ? ಊರಿಂದ ನೆಂಟರು ಬಂದಾಗ ಲಾಲ್‌ಬಾಗು, ವಿಧಾನಸೌಧದ ಎದುರು ಒಂದು ಫೋಟೋ, ಆಮೇಲೆ ಮಾಲು. ನಮ್ಮ ಪೈಕಿ ಬಹಳ ಜನರ ಬೆಂಗಳೂರು ದರ್ಶನ ಇಷ್ಟೇ.

ನಮ್ಮದು ಹನುಮಂತನಗರದ ಕಡೆ ಮೂವತ್ತು ವರ್ಷ ದಾಟಿದ ಮನೆ. ಎರಡು ವರ್ಷದ ಹಿಂದೆ ಲೋನ್ ಮಾಡಿ ಕೊಂಡಿದ್ದು. ರೆಡ್ ಆಕ್ಸೈಡ್ ನೆಲ, ಗೋಡೆಯೊಳಗೆ ಹಳೇ ಜಿ.ಐ. ಪೈಪು, ಹಿಂದುಗಡೆ ಬಟ್ಟೆ ಒಗೆಯೋ ಕಲ್ಲು. ಇದ್ದ ಹಾಗೇ ಇನ್ನೊಂದೈದು ವರ್ಷ ತಳ್ಳಬಹುದಿತ್ತು. ತಳ್ಳುವಂತಿರಲಿಲ್ಲ, ಯಾಕೆಂದರೆ ಅವ್ವ ಬಿದ್ದಳು.

ಹೋದ ಯುಗಾದಿ ಆಸುಪಾಸಿನಲ್ಲಿ ಅಪ್ಪ ತೀರಿಕೊಂಡ ಮೇಲೆ, ತಿಪಟೂರು ತಾಲೂಕಿನ ನಮ್ಮೂರಲ್ಲಿ ಅವ್ವ ಒಬ್ಬಳೇ. ಆರು ತಿಂಗಳಿಗೆ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ವಿಷಯ ನನಗೆ ಗೊತ್ತಾಗಿದ್ದು ನಾಲ್ಕು ದಿನ ಆದಮೇಲೆ, ಅದೂ ತೋಟಕ್ಕೆ ಕಾಯಿ ಕೀಳಲು ಬಂದವನಿಂದ. ಫೋನ್ ಮಾಡಿ ಕೂಗಾಡಿದರೆ, "ನಿಂಗ್ ಹೇಳಿ ಏನಾಗ್ಬೇಕಿತ್ತು? ಬೆಂಗ್ಳೂರಿಂದ ಕೈ ಚಾಚಿ ಎಬ್ಬಿಸ್ತಿದ್ಯಾ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹೆಂಡತಿಯೇ ಫೋನ್ ಈಸಿಕೊಂಡು, "ಅತ್ತೆ, ಮುಂದಿನ ರೂಮಿಗೆ ಒಂದು ಬಾತ್‌ರೂಮ್ ಮಾಡಿಸ್ತೀವಿ, ಮೆಟ್ಲಿಲ್ಲ, ಹಿಡ್ಕೊಳೋಕೆ ಕಂಬಿ ಹಾಕ್ಸ್ತೀವಿ, ಬನ್ನಿ" ಅಂದಳು. ಅರ್ಧ ನಿಮಿಷ ಸುಮ್ಮನಿದ್ದ ಅವ್ವ ಕೊನೆಗೆ ಹೇಳಿದ್ದು: "ಕಾರ್ತೀಕಕ್ಕೆ ಬರ್ತೀನಿ. ಸಂಕ್ರಾಂತಿ ಗಂಟ ನೋಡ್ತೀನಿ. ಒಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡ್ತೀನಿ. ಆಮೇಲೆ ಬೇಜಾರ್ ಮಾಡ್ಕೊಬಾರ್ದು."

ನಮ್ಮ ಆಫೀಸಿನ ಭಾಷೆಯಲ್ಲಿ ಇದಕ್ಕೆ ಪ್ರೊಬೇಷನ್ ಅಂತಾರೆ. ಪ್ರೊಬೇಷನ್ನಿನಲ್ಲಿದ್ದವರು ನಾವು ಮೂವರು: ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು.

ಮೇಸ್ತ್ರಿ ಯಾದಗಿರಿ ಕಡೆಯವರು. ದೀಪಾವಳಿ ಮುಗಿದ ಸೋಮವಾರ ಬಂದು ಗೋಡೆಗೆ ಉಳಿ ಇಟ್ಟರು. ಮೊದಲನೇ ದಿನವೇ ಹೊರಗೆ ಬಂದ ಹಳೇ ಪೈಪನ್ನು ಕತ್ತರಿಸಿ ನನ್ನ ಮುಂದೆ ಹಿಡಿದರು. ಒಳಗೆ ತುಕ್ಕು ಕಟ್ಟಿ ಕಟ್ಟಿ, ಬೆರಳು ಹೋಗುವಷ್ಟು ಜಾಗವೂ ಉಳಿದಿರಲಿಲ್ಲ. "ಸರ್, ಇದರಾಗ ಜೀವಾ ಇಲ್ರಿ. ಎಲ್ಲಾ ತೆಗದು ಹೊಸಾದು ಹಾಕೂದs ಛಲೋ" ಅಂದರು. ಒಂದು ಬಾತ್‌ರೂಮಿಗೆ ಅಂತ ಶುರುವಾದದ್ದು ಇಡೀ ಮನೆಯ ಪೈಪಿಗೆ ಬಂತು. ಪೈಪಿಗೆ ಗೋಡೆ ಕೊರೆದ ಮೇಲೆ ಹೇಗೂ ಕೊರೆದಿದ್ದೀವಲ್ಲ ಅಂತ ವೈರಿಂಗ್. ವೈರಿಂಗ್ ಆದಮೇಲೆ ಪೇಂಟು. ಮನೆ ರಿಪೇರಿಯಲ್ಲಿ "ಹೇಗೂ" ಅನ್ನುವುದರಷ್ಟು ದುಬಾರಿ ಪದ ಇನ್ನೊಂದಿಲ್ಲ.

ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದಳು. ಬಾಕಿ ಕೆಲಸಗಳ ಪಟ್ಟಿ. ಮುಗಿದದ್ದಕ್ಕೆ ಗೆರೆ ಎಳೆಯುವ ಕೆಲಸ ಮಗಳದ್ದು. ಆದರೆ ವಾರಕ್ಕೆ ಎರಡು ಗೆರೆ ಬಿದ್ದರೆ ಕೆಳಗೆ ಮೂರು ಹೊಸ ಸಾಲು ಹುಟ್ಟುತ್ತಿತ್ತು.

ಅವ್ವ ಬಂದಿದ್ದು ಇದರ ಮಧ್ಯಕ್ಕೆ. ಧೂಳಿಗೆ ಕೆಮ್ಮು. ಮೂಗಿಗೆ ಸೆರಗು ಹಿಡಿದು ಮಂಚದ ಮೇಲೆ ಕೂತವಳನ್ನು ನೋಡಿದರೆ, ಸಂಕ್ರಾಂತಿವರೆಗೆ ಯಾಕೆ, ಷಷ್ಠಿವರೆಗೂ ಇರುವುದು ಅನುಮಾನ ಅನ್ನಿಸಿತು. ಶನಿವಾರ ನಮಗೆ ರಜೆ, ಮೇಸ್ತ್ರಿಗೆ ಕೆಲಸ. ಹಾಗಾಗಿ ಶನಿವಾರ ಬೆಳಿಗ್ಗೆ ತಿಂಡಿ ಆದಕೂಡಲೇ ಮನೆ ಬಿಡುವುದು, ಉಳಿಯ ಸದ್ದು ನಿಂತಮೇಲೆ ವಾಪಸ್ಸಾಗುವುದು ಅಂತ ತೀರ್ಮಾನವಾಯಿತು. ಅವ್ವನ ಮಂಡಿ ನೋವಿನಿಂದಾಗಿ ಒಂದು ದಿನಕ್ಕೆ ಒಂದೇ ಜಾಗ.

ಮೊದಲನೇ ಶನಿವಾರ ಲಾಲ್‌ಬಾಗ್. ಗಾಜಿನ ಮನೆ ನೋಡಿ ಅವ್ವನಿಗೆ ಏನೂ ಅನ್ನಿಸಲಿಲ್ಲ. ಬಂಡೆಯ ಹತ್ತಿರ ಬಂದಾಗ ಮಾತ್ರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹತ್ತಿ, ಅಂಗೈಯಿಂದ ಕಲ್ಲು ಸವರಿ, "ರಾಗಿ ಹರವಕ್ಕೆ ಎಂಥಾ ಜಾಗ ಕಣೋ, ಸುಮ್ನೆ ಬಿಟ್ಟವ್ರಲ್ಲ!" ಅಂದಳು. ಅಲ್ಲಿನ ಫಲಕ ಓದಿ ಹೇಳಿದೆ: ಈ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ, ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ, ಇದರ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಅಂತ ಹೆಸರು. ನಮ್ಮ ಸೀಮೆಯ ನೆಲದಡಿ ಬಹುಪಾಲು ಇರುವುದೂ ಇದೇ ಜಾತಿ. ಅವ್ವನಿಗೆ 300 ಕೋಟಿ ಮುಖ್ಯವಾಗಲಿಲ್ಲ. "ನಮ್ಮೂರ್ ಕಲ್ಲೇ ಅನ್ನು" ಅಂದಳು. ಆ ದಿನ ಅವಳಿಗೆ ಹಿಡಿಸಿದ ಸುದ್ದಿ ಅದೊಂದೇ.

ಬಂಡೆಯ ಮೇಲೆ ಒಂದು ಪುಟ್ಟ ಗೋಪುರ ಇದೆಯಲ್ಲ, ಅದರ ಬಗ್ಗೆ ಮಗಳು ಕೇಳಿದಳು. ಕೆಂಪೇಗೌಡರ ಕಾಲದ ಗಡಿ ಗೋಪುರಗಳು ನಾಲ್ಕು: ಲಾಲ್‌ಬಾಗಿನ ಬಂಡೆ ಮೇಲೆ ಒಂದು, ಕೆಂಪಾಂಬುಧಿ ಕೆರೆ ಹತ್ತಿರ ಒಂದು, ಹಲಸೂರು ಕೆರೆ ಹತ್ತಿರ ಒಂದು, ಮೇಖ್ರಿ ಸರ್ಕಲ್ ಹತ್ತಿರ ಒಂದು. ಊರು ಇಷ್ಟರವರೆಗೆ ಬೆಳೆಯಲಿ ಅಂತ ಕಟ್ಟಿದ್ದು ಅಂತ ಜನ ಹೇಳುತ್ತಾರೆ. ಊರು ನಾಲ್ಕನ್ನೂ ನುಂಗಿ ಯಾವುದೋ ಕಾಲವಾಯಿತು. ನಮ್ಮ ರಿಪೇರಿ ಎಸ್ಟಿಮೇಟಿಗೂ ಆರು ಲಕ್ಷ ಅಂತ ಒಂದು ಗೋಪುರ ಕಟ್ಟಿದ್ದೆವು. ಆ ಹೊತ್ತಿಗೆ ಅದೂ ಹಿಂದೆ ಉಳಿದಿತ್ತು. ಮಗಳು ಮಾತ್ರ ನಾಲ್ಕೂ ಗೋಪುರ ನೋಡಲೇಬೇಕು ಅಂತ ಹಟ ಹಿಡಿದಳು. ಅಜ್ಜಿಯನ್ನೂ ಒಪ್ಪಿಸಿದಳು.

ಎರಡನೇ ಗೋಪುರ ನಮ್ಮ ಮನೆಗೆ ಹತ್ತಿರದ್ದೇ, ಕೆಂಪಾಂಬುಧಿ ಕೆರೆಯದ್ದು. ನಡೆದೇ ಹೋದೆವು. ಕೆರೆಯ ಸುತ್ತ ಬೇಲಿ, ವಾಕಿಂಗಿನವರು. ಅವ್ವ ಹಳ್ಳಿಯವರು ಕೇಳುವ ಪ್ರಶ್ನೆಯನ್ನೇ ಕೇಳಿದಳು: "ಈ ನೀರ್ ಕುಡಿತೀರಾ?" ಇಲ್ಲ ಅಂದೆ. ಈ ಊರಿನ ನೀರಿನ ಕಥೆ ಹೇಳುತ್ತಾ ಬಂದೆ. ಮೊದಲು ಇಂಥ ಕೆರೆಗಳು, ಬಾವಿಗಳು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು. ಅದೂ ಸಾಲದೆ 1933ರಲ್ಲಿ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯ ಜಲಾಶಯ. ಅದೂ ಸಾಲದೆ 1974ರಿಂದ ಕಾವೇರಿ. ಈಗ ನಮ್ಮ ಸಂಪಿಗೆ ಬೀಳುವ ನೀರು ಸುಮಾರು 100 ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪ್ ಆಗಿ ಬರುತ್ತದೆ.

ಅವ್ವ ಏನೂ ಅನ್ನಲಿಲ್ಲ. ಬೋರ್‌ವೆಲ್ ಬತ್ತಿ ಕಣ್ಣೆದುರಿಗೆ ಇಪ್ಪತ್ತು ತೆಂಗಿನ ಮರ ಸುಳಿ ಒಣಗಿದ್ದನ್ನು ನೋಡಿದವಳು. ಮನೆಗೆ ಬಂದರೆ ಬಾತ್‌ರೂಮಿನಲ್ಲಿ ನೀರು ನಿಲ್ಲಿಸಿದ್ದರು. ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ಎರಡು ದಿನ ನೀರು ಕಟ್ಟಿ ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಪರೀಕ್ಷೆ ಮುಗಿದು ಆ ನೀರನ್ನು ಹೊರಕ್ಕೆ ಬಿಡಲು ಹೊರಟಾಗ ಅವ್ವ ಅಡ್ಡ ನಿಂತಳು. "ಅಷ್ಟ್ ದೂರದಿಂದ ಬಂದದ್ದು, ಚೆಲ್ತೀರಾ?" ಅಂತ ಹುಡುಗರ ಕೈಯಲ್ಲಿ ಬಕೆಟ್ಟಿಗೆ ತುಂಬಿಸಿ, ಹೊಸ ಗಾರೆ ಮಾಡಿದ ಗೋಡೆಗೆ ಅದನ್ನೇ ಎರಚಿಸಿದಳು. ಸಿಮೆಂಟಿಗೆ ಹೇಗೂ ವಾರಗಟ್ಟಲೆ ನೀರು ಕುಡಿಸಬೇಕಲ್ಲ. "ಯಮ್ಮಾ, ನೀವs ಮೇಸ್ತ್ರಿ ಆಗ್ರಿ" ಅಂದರು ಮೇಸ್ತ್ರಿ. ಆವತ್ತಿನಿಂದ ಅವರಿಬ್ಬರಿಗೂ ದೋಸ್ತಿ. ಹನ್ನೊಂದು ಗಂಟೆಗೆ ಅವರಿಗೆಲ್ಲ ಮಜ್ಜಿಗೆ. ಮಳೆ ಬೆಳೆಯ ಮಾತು. ಅವರ ತಾಯಿಯೂ ಊರಲ್ಲೇ ಇದ್ದಾರಂತೆ. "ಎಷ್ಟ್ ಕರದ್ರೂ ಬರಂಗಿಲ್ರಿ. ಇಲ್ಲಿ ಶೆಡ್ಡಿನಾಗ ಏನ್ ಇರ್ತಾಳ್ರಿ ಆಕಿ" ಅಂತ ಅವರು ಹೇಳುವುದು ನನ್ನ ಮೀಟಿಂಗಿನ ಮಧ್ಯೆ ಕೇಳಿಸಿತ್ತು.

ಕಾರ್ತೀಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ನಾನು ಅರ್ಧ ದಿನ ರಜೆ ಹಾಕಿದೆ. ಬುಲ್ ಟೆಂಪಲ್ ರಸ್ತೆಯ ತುಂಬ ಕಡಲೆಕಾಯಿಯ ಗುಡ್ಡೆಗಳು. ಹಿಂದೆ ಇದು ಹೊಲಗಳಿದ್ದ ಜಾಗ, ಬಸವ ಬಂದು ಕಡಲೆಕಾಯಿ ಮೇಯುತ್ತಿತ್ತು, ಅದಕ್ಕೇ ರೈತರು ಮೊದಲ ಫಸಲನ್ನು ದೊಡ್ಡ ಬಸವಣ್ಣನಿಗೆ ಅರ್ಪಿಸುವುದು ಅನ್ನುವ ಕಥೆ ನಿಮಗೂ ಗೊತ್ತಿರುತ್ತದೆ. ಅವ್ವ ಒಂದು ಗುಡ್ಡೆಯ ಮುಂದೆ ನಿಂತು, ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, ಸುಲಿದು ಬಾಯಿಗೆ ಹಾಕಿಕೊಂಡು, "ನೀರಾವರಿದಾ, ಮಳೆದಾ?" ಅಂದಳು. ಮಾರುತ್ತಿದ್ದವಳು ಮಾಗಡಿ ಕಡೆಯ ಹೆಂಗಸು. ಅಲ್ಲಿಗೆ ಶುರುವಾಯಿತು ನೋಡಿ. ಬಿತ್ತನೆ, ಕಾಡುಹಂದಿ ಕಾಟ, ಕೂಲಿ, ಸೊಸೆ. ಮುಕ್ಕಾಲು ಗಂಟೆ. ಎರಡು ಸೇರು ಅಳೆದು ಕೊಟ್ಟ ಮೇಲೆ ಆಕೆ ಮೇಲೊಂದು ಹಿಡಿ ಹಾಕಿದಳು, ಅವ್ವ ಇನ್ನೊಂದು ಹಿಡಿ ಹಾಕಿಸಿಕೊಂಡಳು. ಅಪ್ಪ ಹೋದಮೇಲೆ ಅವ್ವ ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರುವಾಗ, "ನಿಮ್ಮೂರಲ್ಲಿ ಜನಾನೂ ಅವ್ರೆ ಕಣೋ" ಅಂದಳು.

ಮುಂದಿನ ಶನಿವಾರ ಸ್ವಿಚ್ಚು, ವೈರು ತರಲು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಬೇಕಿತ್ತು. ಹಾಗೇ ಕೋಟೆ, ಟಿಪ್ಪುವಿನ ಬೇಸಿಗೆ ಅರಮನೆ. ಮನೆ ಕೆಲಸ ಹಿಡಿದವನ ಕಣ್ಣೇ ಬೇರೆ ಆಗಿಬಿಡುತ್ತದೆ. ನನಗೆ ಅಲ್ಲಿ ಕಂಡಿದ್ದು ಕಂಬಗಳ ಬುಡ. ಮರದ ಕಂಬ ಒಂದೂ ನೇರ ನೆಲಕ್ಕೆ ಊರಿಲ್ಲ, ಎಲ್ಲಕ್ಕೂ ಕೆಳಗೆ ಕಲ್ಲಿನ ಪೀಠ. ಹೈದರ್ 1781ರಲ್ಲಿ ಶುರುಮಾಡಿದ್ದನ್ನು ಮಗ 1791ರಲ್ಲಿ ಮುಗಿಸಿದ. ಇನ್ನೂ ನಿಂತಿದೆ. ನಮ್ಮ ಮನೆಯ ಬಾಗಿಲ ಚೌಕಟ್ಟು ಮೂವತ್ತು ವರ್ಷಕ್ಕೇ ಗೆದ್ದಲು ಹತ್ತಿ ಪುಡಿಯಾಗಿತ್ತು. "ನಮ್ ತೊಟ್ಟಿಮನೆ ಕಂಬಾನೂ ಹಿಂಗೇ ಕೂರ್ಸಿದ್ರು" ಅಂದಳು ಅವ್ವ. ಆಮೇಲೆ ಕೋಟೆಯ ಗೋಡೆಯಲ್ಲಿ, 1791ರ ಮಾರ್ಚಿನಲ್ಲಿ ಬ್ರಿಟಿಷರು ಒಡೆದು ಒಳನುಗ್ಗಿದ್ದು ಇಲ್ಲೇ ಅಂತ ಹಾಕಿರುವ ಕಲ್ಲನ್ನೂ ನೋಡಿದೆವು. ಹತ್ತು ವರ್ಷ ಕಟ್ಟಿ ಅರಮನೆ ಮುಗಿಸಿದ ವರ್ಷವೇ ಕೋಟೆ ಒಡೆದದ್ದು. ಹೆಂಡತಿ ನನ್ನ ಕಡೆ ತಿರುಗಿ, "ಇವ್ರಿಗೆ ಹೋಲಿಸಿದ್ರೆ ನಮ್ಮದು ಪರವಾಗಿಲ್ಲ ಬಿಡಿ" ಅಂದಳು.

ಮೂರನೇ ಗೋಪುರಕ್ಕೆ ಮೆಟ್ರೋ. ನ್ಯಾಷನಲ್ ಕಾಲೇಜಿನಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಹಲಸೂರು. ಎಸ್ಕಲೇಟರ್ ನೋಡಿ ಅವ್ವ ದೇವರಾಣೆ ಹತ್ತಲ್ಲ ಅಂದಳು, ಎಲ್ಲ ಕಡೆ ಲಿಫ್ಟ್ ಹುಡುಕಿದೆವು. ಗೋಪುರವನ್ನು ದೂರದಿಂದಲೇ ನೋಡಿ ಮಗಳು "ಮೂರು" ಅಂತ ಎಣಿಸಿಕೊಂಡಳು.

ಡಿಸೆಂಬರಿನ ಒಂದು ಶನಿವಾರ ಬೇಗೂರಿಗೆ ಹೋಗಿದ್ದೆವು. ಬೆಂಗಳೂರು ಅಂದರೆ ಬೆಂದ ಕಾಳಿನ ಊರು, ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದಕ್ಕೆ ಆ ಹೆಸರು ಅಂತ ಸ್ಕೂಲಲ್ಲಿ ಮಗಳಿಗೆ ಹೇಳಿದ್ದರು. ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಸ್ಥಾನದಲ್ಲಿ ಅದಕ್ಕಿಂತ ಹಳೆಯ, ಸುಮಾರು ಕ್ರಿ.ಶ. 890ರ ಹೊತ್ತಿನ ಹಳಗನ್ನಡ ಶಾಸನ ಇದೆ. ಅದರಲ್ಲಿ ಆಗಲೇ ಬೆಂಗಳೂರು ಅನ್ನುವ ಹೆಸರಿದೆ. ಅದು ಬೆಂಗಳೂರು ಕಾಳಗದಲ್ಲಿ ಸತ್ತವನ ನೆನಪಿಗೆ ಹಾಕಿಸಿದ ಕಲ್ಲು. ಬಲ್ಲಾಳ ಬಂದದ್ದು ಇನ್ನೂರು ಮುನ್ನೂರು ವರ್ಷ ಆದಮೇಲೆ. ಇದನ್ನೆಲ್ಲ ಉತ್ಸಾಹದಿಂದ ಮಗಳಿಗೆ ವಿವರಿಸುತ್ತಿದ್ದೆ. ಅವ್ವ ಜಗಲಿ ಮೇಲೆ ಮಂಡಿ ಸವರಿಕೊಂಡು ಕೂತಿದ್ದಳು.

"ಸತ್ತೋನ್ಗೆ ಕಲ್ಲು ಹಾಕ್ಸಿದ್ರು ಅನ್ನು" ಅಂದಳು. ಹೂಂ ಅಂದೆ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. "ನಿಮ್ಮಪ್ಪಂಗೆ ಇನ್ನೂ ಹಾಕ್ಸಿಲ್ಲ ಕಣಪ್ಪ. ತೋಟದ್ ಮೂಲೇಲಿ ಬರೀ ಮಣ್ಣಿನ ಗುಡ್ಡೆ ಐತೆ. ನಾನಿದ್ರೆ ಸಂಜೆ ಹೊತ್ತು ಒಂದು ದೀಪ ಹಚ್ತೀನಿ. ನಾನಿಲ್ ಬಂದು ಕೂತ್ರೆ ಹಸು ನುಗ್ತವೆ, ಮಳೆ ಬಂದ್ರೆ ಕೊಚ್ಕಂಡು ಹೋಗ್ತದೆ. ಜಾಗ ಯಾವ್ದು ಅಂತಾನೇ ತಿಳಿಯಲ್ಲ ಆಮೇಲೆ."

ನಾನು ಎರಡು ತಿಂಗಳಿಂದ ಕಂಬಿ ಎಷ್ಟು ಎತ್ತರಕ್ಕಿರಬೇಕು, ಕಮೋಡು ಯಾವ ಕಂಪನಿಯದ್ದು, ಟೈಲ್ಸ್ ಎಷ್ಟು ಒರಟು ಅಂತ ಯೋಚಿಸುತ್ತಿದ್ದೆ. ಅವಳನ್ನು ಊರಲ್ಲಿ ಹಿಡಿದು ಕೂರಿಸಿದ್ದು ತೋಟವೂ ಅಲ್ಲ, ಮನೆಯೂ ಅಲ್ಲ, ಆ ಒಂದು ದೀಪ. ಅಷ್ಟು ಮಾತು ಹೇಳಲು ಅವಳಿಗೆ ಧೂಳಿಲ್ಲದ, ಸದ್ದಿಲ್ಲದ, ಯಾರಿಗೂ ಅಡುಗೆ ಬಡಿಸಬೇಕಿಲ್ಲದ ಒಂದು ಜಗಲಿ ಬೇಕಾಯಿತು. "ವರ್ಷ ತುಂಬೋದ್ರೊಳಗೆ ಹಾಕ್ಸೋಣ ಅವ್ವ, ಕಲ್ಲಿಂದೇ ಕಟ್ಟೆ ಕಟ್ಸೋಣ" ಅಂದೆ. ಸೆರಗಿನಿಂದ ಮುಖ ಒರೆಸಿಕೊಂಡು, "ಬಾ, ಮಗೀಗ್ ಹೊಟ್ಟೆ ಹಸಿದೈತೆ" ಅಂತ ಎದ್ದಳು.

ಆ ರಾತ್ರಿ ಫ್ರಿಜ್ಜಿನ ಪಟ್ಟಿಯಲ್ಲಿ 'ಗೀಸರ್ ಪಾಯಿಂಟ್', 'ಮೆಶ್ ಬಾಗಿಲು' ಇವುಗಳ ಕೆಳಗೆ 'ಅಪ್ಪನ ಕಲ್ಲು' ಅಂತ ಹೆಂಡತಿ ಬರೆದಿದ್ದಳು.

ಉಳಿದಿದ್ದು ಅವ್ವನ ರೂಮಿನ ನೆಲ. ಪೈಪಿಗಾಗಿ ಕೊರೆದಿದ್ದರಿಂದ ಹಳೇ ಕೆಂಪು ನೆಲದ ನಡುವೆ ಒಂದು ಕಾಲುವೆ ಬಿದ್ದಿತ್ತು. ಎಲ್ಲರೂ ಹೇಳಿದ್ದು ಮೇಲೆ ವಿಟ್ರಿಫೈಡ್ ಟೈಲ್ಸ್ ಹೊಡೆಸಿಬಿಡಿ ಅಂತ. ಅವ್ವ ಒಪ್ಪಲಿಲ್ಲ. "ಮುಖ ಕಾಣೋ ಅಂಥ ನೆಲದ ಮೇಲೆ ನಾನು ನಡೆಯಲ್ಲ. ಕೆಂಪು ಗಾರೆ ಹಾಕ್ಸು." ಹಾಕಲು ಗೊತ್ತಿರುವವರು ಯಾರು? ಮೇಸ್ತ್ರಿ ಎಲ್ಲಿಂದಲೋ ಅರವತ್ತು ದಾಟಿದ ಒಬ್ಬ ಗಾರೆ ಕೆಲಸದವರನ್ನು ಕರೆತಂದರು. ಹಳೇ ಪದರ ಕೆತ್ತಿ ತೆಗೆದು, ಕೆಳಗಿನ ಗಾರೆ ಮಾಡಿ, ಮೇಲೆ ಸಿಮೆಂಟು ಮತ್ತು ಕೆಂಪು ಆಕ್ಸೈಡ್ ಪುಡಿ ಬೆರೆಸಿದ ತೆಳುವಾದ ಪದರ. ಅದನ್ನು ಒಂದೇ ಬಾರಿಗೆ ಮುಗಿಸಬೇಕು, ಅರ್ಧಕ್ಕೆ ಬಿಟ್ಟು ನಾಳೆ ಮುಂದುವರಿಸಿದರೆ ಗೆರೆ ಬೀಳುತ್ತದೆ. ಅವರು ಕರಣೆ ಹಿಡಿದು ಗೋಡೆ ಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತ ತೀಡಿದರು, ತೀಡಿದರು, ಸಂಜೆವರೆಗೂ ತೀಡಿದರು. ಆಮೇಲೆ ವಾರದ ಮೇಲೆ ನೀರು. ಒಣಗಿದ ಮೇಲೆ ಅವ್ವ ಊರಿನ ಕೊಬ್ಬರಿ ಎಣ್ಣೆಯನ್ನು ಹಳೇ ಬಟ್ಟೆಯಲ್ಲಿ ಅದ್ದಿ ಒರೆಸಿದಳು. ಹಳೇ ನೆಲದ ಬಣ್ಣ ಬರಲಿಲ್ಲ, ಸ್ವಲ್ಪ ಗಾಢವಾಯಿತು. ಆದರೆ ಒಂದೇ ಒಂದು ಗೆರೆ ಇಲ್ಲ.

ಧನುರ್ಮಾಸದಲ್ಲಿ ಹೊಸ ರೂಮಿಗೆ ಹೋಗುವುದು ಬೇಡ ಅಂದಿದ್ದಳು. ಸಂಕ್ರಾಂತಿ ಬೆಳಿಗ್ಗೆ ಹಾಲು ಉಕ್ಕಿಸಿದೆವು. ಅವತ್ತು ಸಂಜೆ ಪಕ್ಕದ ಗವಿಪುರದಲ್ಲಿ ಜನವೋ ಜನ. ಗವಿಗಂಗಾಧರೇಶ್ವರನ ಗುಡಿಯಲ್ಲಿ ಮುಳುಗುವ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುವ ದಿನ. ಆ ನೂಕುನುಗ್ಗಲಿಗೆ ಅವ್ವನನ್ನು ಕರೆದೊಯ್ಯುವಂತಿರಲಿಲ್ಲ, ಮನೆಯಲ್ಲೇ ಟೀವಿಯಲ್ಲಿ ನೋಡಿದೆವು. ಬಂಡೆ ಕೊರೆದು ಸೂರ್ಯನಿಗೆ ದಾರಿ ಬಿಟ್ಟವರ ಲೆಕ್ಕವನ್ನು ನೆನೆಸಿಕೊಂಡು ನಾನು ನಮ್ಮ ಸ್ವಿಚ್ ಬೋರ್ಡ್ ಕಡೆ ನೋಡಿದೆ. ಮೂರು ಸಲ ಬಿಚ್ಚಿ ಕೂರಿಸಿದ್ದರೂ ಎಡಕ್ಕೆ ಸ್ವಲ್ಪ ವಾಲಿದೆ.

ಅವ್ವ ಹೇಳಿದ್ದ ಗಡುವು ಅವತ್ತಿಗೆ ಮುಗಿಯಿತು. ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರುದಿನ ಹಿಂದುಗಡೆ ಒಗೆಯೋ ಕಲ್ಲಿನ ಹತ್ತಿರ ಕರಿಬೇವಿನ ಗಿಡಕ್ಕೆ ಪಾತಿ ಮಾಡುತ್ತಿದ್ದಳು.

ಮಾರ್ಚಿನಲ್ಲಿ ಊರಿಗೆ ಹೋಗಿ ಅಪ್ಪನ ಕಟ್ಟೆ ಕಟ್ಟಿಸಿದೆವು. ನಮ್ಮ ಯಾದಗಿರಿ ಮೇಸ್ತ್ರಿಯೇ ಇಬ್ಬರು ಹುಡುಗರನ್ನು ಕರೆದುಕೊಂಡು ಬಂದು ಮೂರು ದಿನ ಅಲ್ಲೇ ಉಳಿದು ಮಾಡಿಕೊಟ್ಟರು. ದೀಪ ಇಡಲು ಒಂದು ಗೂಡು, ಗಾಳಿಗೆ ಆರದ ಹಾಗೆ. ಪಕ್ಕದ ತೋಟದ ದೊಡ್ಡಪ್ಪನ ಮನೆಯವರು ಸಂಜೆ ಹೊತ್ತು ದೀಪ ಹಚ್ಚಲು ಒಪ್ಪಿದ್ದಾರೆ. ಆದರೂ ಮಳೆಗಾಲ ಶುರುವಾಗುವ ತನಕ ತಾನೇ ಹಚ್ಚುತ್ತೇನೆ, ಕಟ್ಟೆಗೆ ನೀರು ಕುಡಿಸಬೇಕು ಅಂತ ಅವ್ವ ಅಲ್ಲೇ ಉಳಿದಿದ್ದಾಳೆ. ಆಮೇಲೆ ಬರುತ್ತಾಳಾ? ಬಂದರೆ ಎಷ್ಟು ದಿನ? ಗೊತ್ತಿಲ್ಲ.

ಫ್ರಿಜ್ಜಿನ ಮೇಲಿನ ಪಟ್ಟಿ ಹಾಗೇ ಇದೆ. ಬಹುಪಾಲು ಸಾಲುಗಳಿಗೆ ಗೆರೆ ಬಿದ್ದಿದೆ. ಉಳಿದಿರುವುದು ಮೆಶ್ ಬಾಗಿಲು, ಸಂಪಿನ ಮುಚ್ಚಳ, ಮತ್ತು ಊರಿಗೆ ಹೊರಟ ದಿನ ಅಜ್ಜಿ ಪಕ್ಕದಲ್ಲಿ ನಿಂತು ಮೊಮ್ಮಗಳ ಕೈಯಲ್ಲಿ ಬರೆಸಿದ ಕೊನೇ ಸಾಲು. ಒತ್ತಕ್ಷರ ಸರಿಯಾಗಿ ಬರದ ದೊಡ್ಡ ದೊಡ್ಡ ಅಕ್ಷರಗಳಲ್ಲಿ, 'ಮೇಕ್ರಿ ಸರಕಲ್ ಗೋಪುರ.'